ಮಜ್ಜಿಗೆಯ ಮದ್ದು, ಸೂಜಿಯ ಮದ್ದು

ಒಬ್ಬರ ಒಳ್ಳೆಯದಕ್ಕಾಗಿ ಅವರಿಗೇ ಸುಳ್ಳು ಹೇಳಬಹುದೇ? ಪ್ರಶ್ನೆ ಹಳೆಯದು. ನಮ್ಮ ಕಾಸರಗೋಡಿನ ಕಡೆಯ ಮಳೆಗಾಲದ ತಾಳಮದ್ದಳೆ ಕೂಟಗಳಲ್ಲಿ ಇದು ಎಷ್ಟು ಸಲ ಚರ್ಚೆಗೆ ಬಂದಿದೆಯೋ ಲೆಕ್ಕವಿಲ್ಲ. ದ್ರೋಣನ ಪ್ರಸಂಗವಿದ್ದರೆ ಧರ್ಮರಾಯನ ಅರ್ಥ ಹೇಳುವವರು ಆ ಅರ್ಧಸತ್ಯವನ್ನು ದಾಟಿ ಹೋಗುವ ಹಾಗಿಲ್ಲ. ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಕಥೆಯೂ ಉಂಟು. ಸತ್ಯವನ್ನೇ ನುಡಿಯುತ್ತೇನೆಂದು ವ್ರತ ಹಿಡಿದ ಆ ತಪಸ್ವಿಯ ಬಳಿಗೆ ಕಳ್ಳರು ಬಂದು, ಇತ್ತ ಓಡಿಬಂದ ಜನರು ಎಲ್ಲಿ ಅಡಗಿದ್ದಾರೆ ಎಂದು ಕೇಳುತ್ತಾರೆ. ಆತ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಕಳ್ಳರು ಹೋಗಿ ಅವರನ್ನು ಕೊಲ್ಲುತ್ತಾರೆ. ಸತ್ಯವಂತನಾದ ಕೌಶಿಕ ನರಕಕ್ಕೆ ಹೋಗುತ್ತಾನೆ. ಜೀವ ಉಳಿಸುವ ಸುಳ್ಳು ಪಾಪವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೇ?

ನಮ್ಮ ಮನೆಯಲ್ಲಿ ಐದಾರು ವರ್ಷ ಈ ಕೌಶಿಕನ ಕಥೆಯೇ ನಮಗೆ ಸಮಾಧಾನ ಕೊಡುತ್ತಿತ್ತು. ಅದು ಯಾಕೆ ಸಾಲದಾಯಿತು ಎಂಬುದನ್ನು ಹೇಳುವುದೇ ಈ ಬರಹದ ಉದ್ದೇಶ. ನಾನು ವೈದ್ಯನಲ್ಲ. ಬಿ.ಎ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಮನೆಯಲ್ಲಿ ಒಬ್ಬ ಮನೋರೋಗಿ ಇರುವುದರಿಂದ ಈ ವಿಷಯವನ್ನು ಓದಬೇಕಾಯಿತು, ಯೋಚಿಸಬೇಕಾಯಿತು. ಇಂಥ ಸಂಗತಿಗಳನ್ನು ಮನೆಯ ಹೊಸ್ತಿಲು ದಾಟದಂತೆ ಕಾಪಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ಅಣ್ಣನಿಗೆ ಓದಿ ಹೇಳಿ, ಅವನು "ಬರೆ, ಹೆಸರು ಮಾತ್ರ ಹಾಕಬೇಡ" ಎಂದ ಮೇಲೆಯೇ ಇದನ್ನು ಕೊಡುತ್ತಿದ್ದೇನೆ.

ಅಣ್ಣ ಕಾಯಿಲೆ ಬಿದ್ದದ್ದು 2003ರಲ್ಲಿ, ಅವನ ಇಪ್ಪತ್ತೈದನೆಯ ವಯಸ್ಸಿನಲ್ಲಿ. ಮೊದಲು ನಿದ್ದೆ ಹೋಯಿತು. ಆಮೇಲೆ ಅಡಿಕೆ ತೋಟದ ಕಡೆಯಿಂದ ಯಾರೋ ತನ್ನ ಬಗ್ಗೆ ಮಾತಾಡುವುದು ಕೇಳುತ್ತದೆ ಎಂದ. ನೆರೆಮನೆಯವರು ತನ್ನ ಊಟಕ್ಕೆ ಏನೋ ಬೆರೆಸುತ್ತಿದ್ದಾರೆ ಎಂದ. ನಮ್ಮ ಕಡೆ ಕೈವಿಷದ ನಂಬಿಕೆ ಗಟ್ಟಿಯಾದದ್ದು. ಕನ್ನಡದವರೂ ಮಲಯಾಳದವರೂ ಒಂದೇ ಹೆಸರಿನಿಂದ ಕರೆಯುವ, ಒಂದೇ ರೀತಿ ಹೆದರುವ ಸಂಗತಿ ಅದು. ಹಾಗಾಗಿ ಮೊದಲು ಜೋಯಿಸರು, ಆಮೇಲೆ ಕೈವಿಷ ತೆಗೆಯುವವರು, ಆಮೇಲೆ ತಾಯತ. ಶನಿವಾರ ಶನಿವಾರ ಅಮ್ಮ ಎಳ್ಳೆಣ್ಣೆಯ ದೀಪ ಹಚ್ಚಿದಳು. ಇದೆಲ್ಲ ಮುಗಿದು ಮಂಗಳೂರಿನ ಒಬ್ಬ ಮನೋವೈದ್ಯರಲ್ಲಿಗೆ ಹೋಗುವಾಗ ಎಂಟು ತಿಂಗಳು ಕಳೆದಿತ್ತು. ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ ಎಂದು ಅಲ್ಲಿ ತಿಳಿಯಿತು. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಕನ್ನಡದಲ್ಲಿ ಸರಳವಾಗಿ ಬರೆದ ಪುಸ್ತಕಗಳು ಇಲ್ಲದಿದ್ದರೆ ಆ ಹೆಸರಿನ ಅರ್ಥ ನಮಗೆ ಆಗುತ್ತಲೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಅಂದರೆ ಒಂದು ದೊಡ್ಡ ಮದುವೆಯ ಪಂಕ್ತಿಯಲ್ಲಿ ಒಬ್ಬರಿಬ್ಬರು ಇರಲೇಬೇಕು. ನಮಗೆ ಕಾಣುವುದಿಲ್ಲ, ಏಕೆಂದರೆ ಅವರನ್ನು ಮದುವೆಗೆ ಕರೆದುಕೊಂಡು ಹೋಗುವುದಿಲ್ಲ.

ಮಾತ್ರೆಯಿಂದ ಎರಡು ತಿಂಗಳಲ್ಲಿ ಅಣ್ಣ ಚೇತರಿಸಿಕೊಂಡ. ಚೇತರಿಸಿಕೊಂಡವನಿಗೆ ಮಾತ್ರೆ ಬೇಡವಾಯಿತು. "ನನಗೆ ಕಾಯಿಲೆಯೇ ಇಲ್ಲ, ಮತ್ತೆ ಮದ್ದು ಯಾಕೆ?" ಎಂಬುದು ಅವನ ವಾದ. ತನಗೆ ಕಾಯಿಲೆ ಇದೆಯೆಂದು ಗೊತ್ತಾಗದಿರುವುದು ಈ ಕಾಯಿಲೆಯ ಲಕ್ಷಣಗಳಲ್ಲೇ ಒಂದು ಎಂದು ವೈದ್ಯರು ಹೇಳುತ್ತಾರೆ. ಮದ್ದು ಬಿಟ್ಟ; ದನಿಗಳು ಮರಳಿ ಬಂದವು. ಆಗ ಅಮ್ಮ ಮಾತ್ರೆಯನ್ನು ಪುಡಿಮಾಡಿ ಮಧ್ಯಾಹ್ನದ ಮಜ್ಜಿಗೆಗೆ ಹಾಕತೊಡಗಿದಳು. ನಮಗೆಲ್ಲರಿಗೂ ಗೊತ್ತಿತ್ತು. ಇದು ನಮ್ಮ ಮನೆಯೊಂದರ ಕಥೆಯಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬೇರೆ ಮನೆಯವರೊಡನೆ ಮಾತಾಡಿದರೆ, ಒಬ್ಬರ ಮನೆಯಲ್ಲಿ ಚಹಾ, ಇನ್ನೊಬ್ಬರಲ್ಲಿ ದೋಸೆಯ ಹಿಟ್ಟು, ಮತ್ತೊಬ್ಬರಲ್ಲಿ ಮೀನಿನ ಸಾರು.

ನಾವು ಹೀಗೆ ಮಾಡಿದ್ದು ಕ್ರೌರ್ಯದಿಂದಲ್ಲ, ಹೆದರಿಕೆಯಿಂದ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿದ್ದು 28 ಮಂದಿ ಸತ್ತರು. ಕಾಲಿಗೆ ಸರಪಳಿ ಬಿಗಿದಿದ್ದರಿಂದ ಓಡಲು ಆಗಲಿಲ್ಲ. ಆಗ ನಾನು ಕಾಲೇಜಿನಲ್ಲಿದ್ದೆ. ಆ ಸುದ್ದಿಯನ್ನು ಪೇಪರಿನಲ್ಲಿ ಓದಿ ಅಮ್ಮನಿಗೆ ಹೇಳಿದವನೂ ನಾನೇ. ಎರಡು ವರ್ಷ ಕಳೆಯುವುದರೊಳಗೆ ಅದೇ ಭಯ ನಮ್ಮ ಮನೆಗೆ ಬಂತು. ಸರಪಳಿಗಿಂತ ಮಜ್ಜಿಗೆ ವಾಸಿ ಎಂದು ಯಾವ ತಾಯಿಗೂ ಅನಿಸೀತು.

2009ರ ಒಂದು ಮಧ್ಯಾಹ್ನ ಲೋಟದ ತಳದಲ್ಲಿ ಕರಗದೆ ಉಳಿದ ಬಿಳಿ ಪುಡಿ ಅಣ್ಣನ ಕಣ್ಣಿಗೆ ಬಿತ್ತು.

"ಅಮ್ಮಾ, ಇದಕ್ಕೆ ಎಂತ ಹಾಕಿದ್ದು?"

"ಎಂತದೂ ಇಲ್ಲ ಮಗಾ, ಉಪ್ಪು ಕರಗಲಿಲ್ಲ, ಅಷ್ಟೆ."

ಅಣ್ಣ ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡ. ಏನೂ ಹೇಳಲಿಲ್ಲ. ಆ ದಿನದಿಂದ ಮನೆಯ ಅಡುಗೆ ಮುಟ್ಟಲಿಲ್ಲ. ಹಟ್ಟಿಯ ಹಿಂದೆ ಮೂರು ಕಲ್ಲು ಇಟ್ಟು ತಾನೇ ಗಂಜಿ ಬೇಯಿಸಿಕೊಂಡ. ತಾನೇ ಬಾವಿಯಿಂದ ಎತ್ತಿದ ನೀರನ್ನು ಮಾತ್ರ ಕುಡಿದ. ನಾವು ಆರು ವರ್ಷದಿಂದ ಅವನಿಗೆ ಹೇಳುತ್ತಿದ್ದದ್ದೇನು? ನಿನ್ನ ಊಟಕ್ಕೆ ಯಾರೂ ಏನೂ ಬೆರೆಸುತ್ತಿಲ್ಲ, ಅದು ನಿನ್ನ ಕಾಯಿಲೆಯ ಯೋಚನೆ ಎಂದು. ಬೆರೆಸುತ್ತಿದ್ದದ್ದು ಹೌದು. ನೆರೆಮನೆಯವರಲ್ಲ, ನಾವು. ಅವನ ಭ್ರಮೆಯನ್ನು ಹೋಗಲಾಡಿಸಲು ಹೊರಟ ನಾವೇ ಅದನ್ನು ನಿಜ ಮಾಡಿ ತೋರಿಸಿದ್ದೆವು.

ಕೌಶಿಕನ ಕಥೆಯಲ್ಲಿ ನಾನು ಗಮನಿಸದೆ ಬಿಟ್ಟ ಒಂದು ಅಂಶ ಆಗ ಕಣ್ಣಿಗೆ ಬಿತ್ತು. ಅಲ್ಲಿ ಸುಳ್ಳು ಹೇಳಬೇಕಾಗಿದ್ದದ್ದು ಕಳ್ಳರಿಗೆ. ಅಡಗಿದವರಿಗೆ ಸುಳ್ಳು ಹೇಳಬೇಕೆಂದು ಕೃಷ್ಣ ಹೇಳಲಿಲ್ಲ. ಕಾಪಾಡಬೇಕಾದವನಿಗೇ ಹೇಳುವ ಸುಳ್ಳಿನ ಲೆಕ್ಕ ಬೇರೆ. ಅದರಿಂದ ಅವನ ಜೀವ ಉಳಿದೀತು. ಆದರೆ ಉಳಿದ ಮೇಲೆ ಅವನು ಯಾರನ್ನು ನಂಬಿ ಬದುಕಬೇಕು?

ಮದ್ದು ನಿಂತು ಎರಡು ತಿಂಗಳಲ್ಲಿ ಅಣ್ಣನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಈ ಸಲ ಮಂಗಳೂರಲ್ಲ, ನಮ್ಮ ಜಿಲ್ಲೆಯಲ್ಲೇ ಒಂದು ಆಸ್ಪತ್ರೆ. ಬಿಡುಗಡೆಯ ದಿನ ಡಾಕ್ಟರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನ ವಿಷಯ ಹೇಳಿದರು.

ಈ ಮದ್ದಿನ ಬಗ್ಗೆ ನಾನು ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮನೋರೋಗಕ್ಕೆ ನಿಜವಾಗಿ ಫಲ ಕೊಡುವ ಮೊದಲ ಮದ್ದು ಕ್ಲೋರ್‌ಪ್ರೊಮಜಿನ್. ಅದನ್ನು 1952ರಲ್ಲಿ ಪ್ಯಾರಿಸಿನಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ರೋಗಿಗಳಿಗೆ ಕೊಟ್ಟು ನೋಡಿದರು. ಅಲ್ಲಿಂದ ಮುಂದೆ ಅನೇಕರು ಆಸ್ಪತ್ರೆಯ ಗೋಡೆಯ ಹೊರಗೆ ಬದುಕುವುದು ಸಾಧ್ಯವಾಯಿತು. ಆದರೆ ಮನೆಗೆ ಹೋದವರು ಮಾತ್ರೆ ನುಂಗುತ್ತಾರೋ ಇಲ್ಲವೋ ಎಂಬ ಪ್ರಶ್ನೆಯೂ ಅಲ್ಲಿಂದಲೇ ಶುರುವಾಯಿತು. ಅದಕ್ಕೆ ಉತ್ತರವಾಗಿ 1960ರ ದಶಕದ ಕೊನೆಗೆ ಬಂದದ್ದು ಫ್ಲುಫೆನಜಿನ್ ಡೆಕನೋಯೇಟ್. ಆಮೇಲೆ 1980ರ ದಶಕದಲ್ಲಿ ಹ್ಯಾಲೋಪೆರಿಡಾಲ್ ಡೆಕನೋಯೇಟ್. ಉಪಾಯ ಸರಳವಾದದ್ದು. ಮದ್ದನ್ನು ಒಂದು ಕೊಬ್ಬಿನಾಮ್ಲದೊಂದಿಗೆ ಬೆಸೆಯುತ್ತಾರೆ. ನಮ್ಮ ತೆಂಗಿನೆಣ್ಣೆಯಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿ ಇರುವ ಆಮ್ಲವೇ ಅದು. ಹಾಗೆ ಬೆಸೆದದ್ದನ್ನು ಎಳ್ಳೆಣ್ಣೆಯಲ್ಲಿ ಕರಗಿಸಿ ಸೊಂಟದ ಕೆಳಗಿನ ದಪ್ಪ ಮಾಂಸಕ್ಕೆ ಆಳವಾಗಿ ಚುಚ್ಚುತ್ತಾರೆ. ಎಣ್ಣೆ ಅಲ್ಲೇ ನಿಲ್ಲುತ್ತದೆ. ಮದ್ದು ಅದರಿಂದ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ. ಒಮ್ಮೆ ಚುಚ್ಚಿದರೆ ಎರಡು ವಾರದಿಂದ ನಾಲ್ಕು ವಾರ ನಡೆಯುತ್ತದೆ. ಮದ್ದಿನ ಪೊಟ್ಟಣದೊಳಗಿನ ಚೀಟಿಯಲ್ಲಿ ಎಳ್ಳೆಣ್ಣೆ ಎಂದು ಇದ್ದದ್ದನ್ನು ಅಮ್ಮನಿಗೆ ಓದಿ ಹೇಳಿದಾಗ, "ಅಂತೂ ಎಳ್ಳೆಣ್ಣೆಯೇ ಆಯಿತಲ್ಲ" ಎಂದಳು.

ಈಗ ಹೊಸ ಜಾತಿಯವೂ ಬಂದಿವೆ. ಪ್ಯಾಲಿಪೆರಿಡೋನ್ ಎಂಬುದು ಎಣ್ಣೆಯಲ್ಲಿ ಇರುವುದಿಲ್ಲ. ನೀರಿನಲ್ಲಿ ತೇಲುವ ಸಣ್ಣ ಕಣಗಳಾಗಿರುತ್ತದೆ. ಅಮೆರಿಕದಲ್ಲಿ 2009ರಲ್ಲಿ ತಿಂಗಳಿಗೊಮ್ಮೆಯದಕ್ಕೂ 2015ರಲ್ಲಿ ಮೂರು ತಿಂಗಳಿಗೊಮ್ಮೆಯದಕ್ಕೂ 2021ರಲ್ಲಿ ಆರು ತಿಂಗಳಿಗೊಮ್ಮೆಯದಕ್ಕೂ ಒಪ್ಪಿಗೆ ಸಿಕ್ಕಿತು. ಪ್ರಯೋಜನದ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಸ್ವೀಡನ್ನಿನ ಸುಮಾರು 30,000 ರೋಗಿಗಳ ದಾಖಲೆ ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದೇ ಮದ್ದನ್ನು ಮಾತ್ರೆಯಾಗಿ ತೆಗೆದುಕೊಳ್ಳುವುದಕ್ಕಿಂತ ಚುಚ್ಚುಮದ್ದಾಗಿ ತೆಗೆದುಕೊಂಡಾಗ ಮತ್ತೆ ಆಸ್ಪತ್ರೆ ಸೇರುವ ಸಂಭವ ಶೇಕಡಾ 20ರಿಂದ 30ರಷ್ಟು ಕಡಿಮೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ರಿಸ್ಪೆರಿಡೋನ್ ಚುಚ್ಚುಮದ್ದು ಮಾತ್ರೆಗಿಂತ ಮೇಲೆಂದು ಕಾಣಲಿಲ್ಲ. ನನಗೆ ತೋರುವ ಕಾರಣ ಇದು: ಪರೀಕ್ಷೆಗೆ ಸೇರಲು ಒಪ್ಪುವವರು ಮಾತ್ರೆ ನುಂಗಲೂ ಒಪ್ಪುವವರೇ. ನಮ್ಮ ಅಣ್ಣನಂಥವರು ಅಂಥ ಲೆಕ್ಕಕ್ಕೆ ಸಿಗುವುದೇ ಕಡಿಮೆ.

ಹಾಗಾದರೆ ಚುಚ್ಚುಮದ್ದೇ ಸರಿ ಎಂದು ಮುಗಿಸಬಹುದಲ್ಲ? ಇಲ್ಲ, ಇಲ್ಲಿ ಒಂದು ತೊಡಕಿದೆ. ಮಾತ್ರೆ ಹಿಡಿಸಲಿಲ್ಲವೆಂದರೆ ನಾಳೆ ಬಿಡಬಹುದು. ಚುಚ್ಚಿದ ಎಣ್ಣೆಯನ್ನು ಹಿಂದೆ ತೆಗೆಯಲು ಬರುವುದಿಲ್ಲ. ಹಳೆಯ ಮದ್ದುಗಳಿಂದ ಕೈಕಾಲು ಬಿಗಿಯಬಹುದು, ನಡುಕ ಬರಬಹುದು, ಕುಳಿತಲ್ಲಿ ಕುಳಿತಿರಲಾಗದ ಚಡಪಡಿಕೆ ಆಗಬಹುದು. ಬಹುಕಾಲ ತೆಗೆದುಕೊಂಡ ಕೆಲವರಿಗೆ ಬಾಯಿ, ನಾಲಿಗೆ ತಾವಾಗಿಯೇ ಆಡತೊಡಗುತ್ತವೆ. ಹೊಸ ಮದ್ದುಗಳಲ್ಲಿ ಕೆಲವು ಮೈತೂಕವನ್ನೂ ಸಕ್ಕರೆಯನ್ನೂ ಏರಿಸುತ್ತವೆ. ಇದಕ್ಕಾಗಿಯೇ ಒಳ್ಳೆಯ ವೈದ್ಯರು ಮೊದಲು ಅದೇ ಮದ್ದನ್ನು ಮಾತ್ರೆಯಾಗಿ ಕೊಟ್ಟು, ಮೈಗೆ ಒಗ್ಗುತ್ತದೆಂದು ನೋಡಿಕೊಂಡು, ಆಮೇಲೆ ಚುಚ್ಚುತ್ತಾರೆ. ಹಿಂದೆಗೆಯಲಾರದ್ದನ್ನು ಕೊಡುವ ಮೊದಲು ಕೇಳಬೇಕಾದ ಮಾತು ಹೆಚ್ಚು. ತಿಂಗಳು ಮೂರಾಗಿ, ಮೂರು ಆರಾದಷ್ಟೂ ಆ ಮಾತಿನ ತೂಕ ಏರುತ್ತದೆ. ಆರು ತಿಂಗಳ ಮದ್ದಿಗೆ ಒಬ್ಬ ಮನುಷ್ಯ ಒಮ್ಮೆ "ಹೂಂ" ಎಂದರೆ, ಆರು ತಿಂಗಳ ತನ್ನ ದೇಹವನ್ನು ಒಪ್ಪಿಸಿದ ಹಾಗೆ.

ನಮ್ಮಲ್ಲಿ ಆ ಮಾತು ಆಗಲಿಲ್ಲ. ಅಂದು ಡಾಕ್ಟರು ನನಗೆ ಮಲಯಾಳದಲ್ಲಿ ಹೇಳಿದರು. ನನಗೆ ಮಲಯಾಳ ಬರುತ್ತದೆ. ಆಫೀಸಿನಲ್ಲಿ ದಿನವೂ ಬೇಕಾದದ್ದು. ಅಣ್ಣ ಕನ್ನಡ ಶಾಲೆಯಲ್ಲಿ ಕಲಿತು ತೋಟದಲ್ಲಿ ಉಳಿದವನು. ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು ಮಲಯಾಳ ಅವನಿಗೆ ಗೊತ್ತು, ಆದರೆ ಕಾಯಿಲೆ, ಮದ್ದು, ಪರಿಣಾಮ ಎಂಬ ಮಾತುಗಳು ಅರ್ಥವಾಗುವಷ್ಟು ಅಲ್ಲ. ಅವನು ಅದೇ ಕೋಣೆಯಲ್ಲಿ ಸ್ಟೂಲಿನ ಮೇಲೆ ಕುಳಿತು ನಮ್ಮಿಬ್ಬರ ಮುಖವನ್ನು ಬದಲಿಸಿ ಬದಲಿಸಿ ನೋಡುತ್ತಿದ್ದ. ನಾನು ತಲೆಯಾಡಿಸಿ ಕಾಗದಕ್ಕೆ ಸಹಿ ಹಾಕಿದೆ. ಚುಚ್ಚಿಸಿಕೊಂಡು ಬಸ್ಸಿನಲ್ಲಿ ಬರುವಾಗ ಅಣ್ಣ ಕೇಳಿದ: "ಅವರು ಎಂತ ಹೇಳಿದ್ದು?"

"ಶಕ್ತಿಯ ಇಂಜೆಕ್ಷನ್ ಅಂತೆ. ತಿಂಗಳಿಗೊಂದು."

ಹೀಗೆ ಅಮ್ಮನ ಸುಳ್ಳು ಮಜ್ಜಿಗೆಯಿಂದ ಇಳಿದು ನನ್ನ ಬಾಯಿಗೆ ಬಂತು. ಸೂಜಿಯೇನೋ ಕಣ್ಣಿಗೆ ಕಾಣುವಂಥದ್ದು. ಅದರೊಳಗೆ ಏನಿದೆ ಎಂಬುದನ್ನು ನಾನು ಮುಚ್ಚಿಟ್ಟೆ. ಅವನ ಕಿವಿಯೊಳಗಿನ ದನಿಗಳು ಕನ್ನಡದಲ್ಲಿ ಮಾತಾಡುತ್ತಿದ್ದವು. ಅವುಗಳಿಗೆ ಕೊಟ್ಟ ಮದ್ದಿನ ಮಾತು ಮಾತ್ರ ಅವನಿಗೆ ಕನ್ನಡದಲ್ಲಿ ತಲುಪಲಿಲ್ಲ. ತಪ್ಪನ್ನು ಡಾಕ್ಟರ ಮೇಲೆ ಹೊರಿಸಲಾರೆ. ಅವರ ಕೋಣೆಯ ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು. ಕನ್ನಡಕ್ಕೆ ತಿರುಗಿಸಿ ಹೇಳಬೇಕಾದವನು ಪಕ್ಕದಲ್ಲೇ ಇದ್ದ ತಮ್ಮ.

ಬ್ಯಾಂಕಿನಲ್ಲಿ ನಾನು ಹೀಗೆ ಮಾಡುವುದಿಲ್ಲ. ಓದು ಬರಹ ಬಾರದ ಒಬ್ಬ ಅಜ್ಜಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಾದರೆ, ಅದರಲ್ಲಿ ಬರೆದದ್ದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಸಾಕ್ಷಿ ಹಾಕಿಸಿಕೊಂಡು ಆಮೇಲೆ ಒತ್ತಿಸಿಕೊಳ್ಳುತ್ತೇವೆ. ನಮ್ಮ ಶಾಖೆಯಲ್ಲಿ ಒಂದೇ ಬೆಳಗ್ಗೆ ಮಲಯಾಳ, ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಬೇಕಾಗುತ್ತದೆ. ಅವರ ಮಗ ಪಕ್ಕದಲ್ಲಿ ನಿಂತು "ಅಮ್ಮನಿಗೆ ಗೊತ್ತುಂಟು, ಒತ್ತಿಸಿಕೊಳ್ಳಿ ಸಾರ್" ಎಂದರೂ ನಾನು ಅಜ್ಜಿಯನ್ನೇ ಕೇಳುತ್ತೇನೆ. ಹತ್ತು ಸಾವಿರ ರೂಪಾಯಿಯ ಕಾಗದಕ್ಕೆ ತೋರಿಸಿದ ಎಚ್ಚರವನ್ನು ಅಣ್ಣನ ದೇಹದ ವಿಷಯದಲ್ಲಿ ನಾನು ತೋರಿಸಲಿಲ್ಲ.

2017ರ ಮಾನಸಿಕ ಆರೋಗ್ಯ ಕಾಯಿದೆ 2018ರಲ್ಲಿ ಜಾರಿಗೆ ಬಂತು. ಅದನ್ನು ಓದುವಾಗ ಒಂದು ಕಡೆ ನಾನು ತಡೆದು ನಿಂತೆ. ತಿಳಿದು ಕೊಡುವ ಒಪ್ಪಿಗೆ ಎಂದರೇನು ಎಂದು ಅಲ್ಲಿ ವಿವರಿಸಿದ್ದಾರೆ. ಬಲವಂತ, ಬೆದರಿಕೆ, ಮೋಸ, ತಪ್ಪು ತಿಳುವಳಿಕೆ ಇವು ಯಾವುವೂ ಇರಬಾರದು. ಮದ್ದಿನ ಲಾಭ, ಅಪಾಯ, ಬೇರೆ ದಾರಿಗಳನ್ನೂ ತಿಳಿಸಿರಬೇಕು. ಅದೂ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ. ನಮ್ಮ ಗಡಿನಾಡಿನವರು ಭಾಷೆಯ ಹಕ್ಕು ಎಂದರೆ ಶಾಲೆ, ಬೋರ್ಡು, ಅರ್ಜಿಯ ಫಾರಂ ಎಂದಷ್ಟೇ ಯೋಚಿಸುತ್ತೇವೆ. ಅದಕ್ಕಾಗಿ ಹೋರಾಡಿದ್ದೂ ಸರಿಯೇ. ಆದರೆ ಆಸ್ಪತ್ರೆಯ ಸ್ಟೂಲಿನ ಮೇಲೆ ಕುಳಿತು ಎರಡು ಮುಖಗಳನ್ನು ನೋಡುವ ಮನುಷ್ಯನಿಗೆ ಆ ಹಕ್ಕು ಎಲ್ಲಕ್ಕಿಂತ ಹೆಚ್ಚಾಗಿ ಬೇಕು. ಅದನ್ನು ಅವನಿಂದ ಕಿತ್ತುಕೊಳ್ಳುವವರು ಹೊರಗಿನವರೇ ಆಗಿರಬೇಕೆಂದಿಲ್ಲ.

ನಮ್ಮ ವಿಷಯದಲ್ಲಿ ಕಾಯಿದೆ ಬರುವ ಮೊದಲೇ ಒಬ್ಬ ಸಿಸ್ಟರ್ ಬಂದಿದ್ದರು. 2014ರಲ್ಲಿ ತೆಂಕಣ ಜಿಲ್ಲೆಯೊಂದರಿಂದ ವರ್ಗವಾಗಿ ಬಂದವರು. ಕನ್ನಡ ಒಂದಕ್ಷರ ಬಾರದು. ಮೊದಲ ದಿನ ಸೂಜಿ ಹಿಡಿದು ನಿಂತವರು ನನ್ನ ಕಡೆ ತಿರುಗಿ, 'ತರಟ್ಟೇ' ಎಂಬುದಕ್ಕೆ ನಿಮ್ಮ ಭಾಷೆಯಲ್ಲಿ ಹೇಗೆ ಹೇಳುವುದು ಎಂದು ಮಲಯಾಳದಲ್ಲಿ ಕೇಳಿದರು. 'ಕೊಡ್ಲಾ' ಎಂದರೆ ಸಾಕು ಎಂದೆ. ಅವರು ಅಣ್ಣನ ಮುಖ ನೋಡಿ, "ಕೊಡ್ಲಾ?" ಎಂದರು.

ಐದು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂತದು ಇದು?" ಎಂದ. ಸಿಸ್ಟರ್ ನನ್ನನ್ನು ನೋಡಿದರು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ದನಿಗಳು ಬಾರದ ಹಾಗೆ ಕೊಡುವ ಮದ್ದು ಎಂದೆ. ಶಕ್ತಿಯ ಇಂಜೆಕ್ಷನ್ ಎಂದದ್ದು ಸುಳ್ಳು ಎಂದೆ.

"ಮಜ್ಜಿಗೆಗೆ ಹಾಕುತ್ತಿದ್ದದ್ದೇ?"

"ಅದೇ ಜಾತಿಯದು."

ಅವನು ಎದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಸಿಸ್ಟರ್ ಕಡೆ ತಿರುಗಿ, "ಕೊಡಿ" ಎಂದ. ಆಮೇಲೆ ನನಗೆ ಹೇಳಿದ: "ಸೂಜಿ ಆದೀತು. ಕಾಣ್ತದೆ. ಮಜ್ಜಿಗೆಗೆ ಮಾತ್ರ ಹಾಕಬೇಡಿ."

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದವಾಗಿ ಮುಗಿದೀತು. ಆದರೆ ಕೇಳುವುದು ಸುಲಭ. ಬೇಡ ಎಂಬ ಉತ್ತರ ಬಂದಾಗ ನಾವು ಏನು ಮಾಡುತ್ತೇವೆ ಎಂಬುದರಲ್ಲಿ ಅದರ ಪರೀಕ್ಷೆ ಇದೆ. 'ಹೂಂ' ಎಂದರೆ ಮಾತ್ರ ಒಪ್ಪುವ ಪ್ರಶ್ನೆ, ಪ್ರಶ್ನೆಯ ವೇಷ ಹಾಕಿದ ಅಪ್ಪಣೆ ಅಷ್ಟೇ. 2017ರಲ್ಲಿ ಒಂದು ದಿನ "ಕೊಡ್ಲಾ?" ಎಂದಾಗ ಅಣ್ಣ "ಇವತ್ತು ಬೇಡ" ಎಂದ. ನನ್ನ ಎದೆ ಧಸಕ್ಕೆಂದಿತು. ಹಿಡಿದು ಕೊಟ್ಟುಬಿಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸಿಸ್ಟರ್ ಸೂಜಿಯನ್ನು ತಟ್ಟೆಯಲ್ಲಿಟ್ಟು ಡಾಕ್ಟರನ್ನು ಕರೆದರು. ಯಾಕೆ ಎಂದು ಡಾಕ್ಟರು ಕೇಳಿದರು. ಈ ಸಲ ನಾನು ಮಾತಿಗೆ ಮಾತು ಕನ್ನಡಕ್ಕೆ ತಿರುಗಿಸಿದೆ. ಅಣ್ಣ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದ. ಬೆರಳು ನಡುಗುತ್ತಿದ್ದವು. "ಅಡಿಕೆ ಸುಲಿಯಲಿಕ್ಕೆ ಆಗುವುದಿಲ್ಲ. ಕೂಲಿಗೆ ಬರುವ ಹೆಂಗಸರು ನಗ್ತಾರೆ" ಎಂದ. ಆ ನಡುಕ ಮನೆಯಲ್ಲಿ ನಮಗೆಲ್ಲ ಕಾಣುತ್ತಿತ್ತು. ದನಿಗಳಿಲ್ಲ, ಗಲಾಟೆಯಿಲ್ಲ, ರಾತ್ರಿ ನಿದ್ದೆ ಮಾಡುತ್ತಾನೆ. ಇದಕ್ಕಿಂತ ಹೆಚ್ಚೇನು ಬೇಕು ಎಂದು ನಾವು ಸುಮ್ಮನಿದ್ದೆವು. ನಮಗೆ ಸಾಕಾದದ್ದು ಅವನಿಗೆ ಸಾಲುತ್ತಿರಲಿಲ್ಲ.

ಡಾಕ್ಟರು ಅಂದು ಚುಚ್ಚಲಿಲ್ಲ. ಪ್ರಮಾಣ ಇಳಿಸೋಣ, ಹತ್ತು ದಿನ ಬಿಟ್ಟು ಬನ್ನಿ ಎಂದರು. ಆ ಹತ್ತು ರಾತ್ರಿ ನನಗೆ ನಿದ್ದೆಯಿಲ್ಲ. ತೋಟದ ಕಡೆ ಒಂದು ನಾಯಿ ಬೊಗಳಿದರೂ ಎದ್ದು ಕೂರುತ್ತಿದ್ದೆ. ಹನ್ನೊಂದನೆಯ ದಿನ ಅಣ್ಣ ತಾನೇ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕುಳಿತು, "ಬಸ್ಸಿಗೆ ಹೊತ್ತಾಯಿತಲ್ಲ" ಎಂದ. ಎಲ್ಲರ ಮನೆಯಲ್ಲಿಯೂ ಹೀಗೆ ಆಗುತ್ತದೆಂದು ನಾನು ಹೇಳಲಾರೆ. ಬೇಡ ಎಂದವನು ಮತ್ತೆ ಕಾಯಿಲೆ ಬಿದ್ದದ್ದು, ಕೆರೆಗೆ ಹಾರಿದ್ದು ನಮ್ಮ ಸುತ್ತಮುತ್ತ ಇಲ್ಲವೆಂದಲ್ಲ.

ಈ ಭಯದಿಂದಲೇ ಕೆಲವು ದೇಶಗಳು ಚಿಕಿತ್ಸೆ ತೆಗೆದುಕೊಳ್ಳಲೇಬೇಕೆಂಬ ಕಟ್ಟುಪಾಡು ಹಾಕಿ ರೋಗಿಯನ್ನು ಮನೆಗೆ ಕಳಿಸುವ ಪದ್ಧತಿ ತಂದಿವೆ. ಇಂಗ್ಲೆಂಡಿನಲ್ಲಿ ಇದು 2008ರಲ್ಲಿ ಶುರುವಾಯಿತು. ಅದರ ಫಲವನ್ನು ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ವರ್ಷದಲ್ಲಿ ಮತ್ತೆ ಆಸ್ಪತ್ರೆ ಸೇರಿದವರ ಪ್ರಮಾಣ ಈ ಕಟ್ಟುಪಾಡು ಇದ್ದವರಲ್ಲಿ ಶೇಕಡಾ 36, ಇಲ್ಲದವರಲ್ಲಿಯೂ ಶೇಕಡಾ 36. ಕಾನೂನಿನ ಬಲದಿಂದ ಲಾಭವೇನೂ ಕಾಣಲಿಲ್ಲ. ನಮ್ಮ 2017ರ ಕಾಯಿದೆ ಅಂಥ ಪದ್ಧತಿಯನ್ನು ತಂದಿಲ್ಲ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ 72 ಗಂಟೆಗಳವರೆಗೆ ಚಿಕಿತ್ಸೆ ಕೊಡಲು ಅವಕಾಶವಿದೆ. ತೀರ ಹದಗೆಟ್ಟಾಗ ಪ್ರತಿನಿಧಿಯ ಮೂಲಕ ಆಸ್ಪತ್ರೆಗೆ ಸೇರಿಸುವ ದಾರಿಯೂ ಇದೆ. ಅದರ ಜೊತೆಗೆ, ಬುದ್ಧಿ ಸ್ಥಿಮಿತದಲ್ಲಿರುವಾಗಲೇ 'ನನಗೆ ಮತ್ತೆ ಕಾಯಿಲೆ ಬಂದರೆ ಇಂಥ ಚಿಕಿತ್ಸೆ ಕೊಡಿ, ಇಂಥದ್ದು ಬೇಡ, ನನ್ನ ಪರವಾಗಿ ಇಂಥವರು ಮಾತಾಡಲಿ' ಎಂದು ಬರೆದಿಡುವ ಹಕ್ಕನ್ನೂ ಅದು ಕೊಟ್ಟಿದೆ. ನಮ್ಮ ಅಣ್ಣ ಬರೆದಿಟ್ಟಿದ್ದಾನೆ, ಕನ್ನಡದಲ್ಲಿ. ಚುಚ್ಚುಮದ್ದು ಆಗಬಹುದು ಎಂದಿದ್ದಾನೆ. ಊಟದಲ್ಲಿ ಬೆರೆಸುವುದು ಬೇಡ ಎಂದು ಎರಡು ಸಲ ಬರೆದು ಕೆಳಗೆ ಗೆರೆ ಎಳೆದಿದ್ದಾನೆ.

ಕಾಯಿಲೆ ಜೋರಾಗಿ ತನಗೂ ಇತರರಿಗೂ ಕೇಡು ಮಾಡಿಕೊಳ್ಳುವ ಸ್ಥಿತಿಯಲ್ಲಿ ಇರುವವನನ್ನು ಕೇಳುತ್ತ ಕೂರಲು ಆಗದು ಎಂಬುದನ್ನು ನಾನು ಒಪ್ಪುತ್ತೇನೆ. ಅಂದು ಬಲ ಬೇಕಾದೀತು. ಆದರೆ ಬಲವಂತಕ್ಕೂ ಸುಳ್ಳಿಗೂ ವ್ಯತ್ಯಾಸ ಇದೆ. ಹಿಡಿದು ಮದ್ದು ಕೊಟ್ಟವರನ್ನು ಅವನು ಮುಂದೊಂದು ದಿನ ಕ್ಷಮಿಸಿಯಾನು, ಏಕೆಂದರೆ ಏನಾಯಿತೆಂದು ಅವನಿಗೆ ಗೊತ್ತಿರುತ್ತದೆ. ಗುಟ್ಟಾಗಿ ಕೊಟ್ಟದ್ದಕ್ಕೆ ಹಾಗಿಲ್ಲ. ಅದು ಬಯಲಾದ ದಿನ ಹಿಂದಿನ ಅಷ್ಟೂ ಊಟಗಳು ಅನುಮಾನಕ್ಕೆ ಬೀಳುತ್ತವೆ. ಬಿರುಗಾಳಿಯ ಹೊತ್ತಿನಲ್ಲಿ ಕೇಳಲಾಗದ ಪ್ರಶ್ನೆಯನ್ನು ಗಾಳಿ ಇಳಿದ ಮೇಲಾದರೂ ಕೇಳಬೇಕು. ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ತುರ್ತಿನ ದಿನ ಪಡೆದ ಅಧಿಕಾರವನ್ನು ಮಾಮೂಲಿನ ದಿನಗಳಲ್ಲಿಯೂ ಕೈಬಿಡುವುದಿಲ್ಲ.

ಕೊಡುವವರಿಗೂ ಒಂದು ಕಟ್ಟುಪಾಡು ಉಂಟು. ತಿಂಗಳಿಗೊಮ್ಮೆ ಬಾ ಎಂದ ಮೇಲೆ ತಿಂಗಳಿಗೊಮ್ಮೆ ಅಲ್ಲಿ ಮದ್ದು ಇರಬೇಕು, ಅಲ್ಲಿಗೆ ದಾರಿ ತೆರೆದಿರಬೇಕು. 2020ರ ಮಾರ್ಚಿನಲ್ಲಿ ಕೊರೋನದ ಹೆಸರಿನಲ್ಲಿ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳಲ್ಲಿ ಹಲವರು ಗಡಿ ದಾಟಲಾಗದೆ ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅಣ್ಣನ ಮದ್ದು ಈಚೆಯ ಆಸ್ಪತ್ರೆಯಲ್ಲೇ ಸಿಗುತ್ತಿದ್ದುದರಿಂದ ನಾವು ಪಾರಾದೆವು. ಮಂಗಳೂರಿನಲ್ಲಿ ಚುಚ್ಚಿಸಿಕೊಳ್ಳುತ್ತಿದ್ದವರ ಮನೆಗಳಲ್ಲಿ ಕ್ಯಾಲೆಂಡರಿನ ಮೇಲೆ ಗುರುತು ಹಾಕಿದ ತಾರೀಕು ಹತ್ತಿರ ಬಂದಾಗ ಹೇಗಿದ್ದೀತೆಂದು ನನಗೆ ಊಹೆ ಇದೆ. ಎಣ್ಣೆಗೆ ಗಡಿ ತಿಳಿಯದು. ಅದು ತನ್ನ ಲೆಕ್ಕದ ಪ್ರಕಾರ ಮುಗಿಯುತ್ತದೆ.

ಅಮ್ಮ ಈಗ ಎಂಬತ್ತರ ಹತ್ತಿರ ಇದ್ದಾಳೆ. ಅವಳನ್ನು ದೂರುವ ಅಧಿಕಾರ ನನಗಿಲ್ಲ. ಹೇಳಿಕೊಡುವವರು ಯಾರೂ ಇಲ್ಲದಾಗ ಅವಳು ತನಗೆ ತೋಚಿದ ಒಂದೇ ದಾರಿಯಲ್ಲಿ ಮಗನನ್ನು ಉಳಿಸಿಕೊಂಡಳು. ನನಗೆ ಮೂರು ಭಾಷೆ ಬರುತ್ತಿತ್ತು. ಆದರೂ ನಾನು ಅವಳಿಗಿಂತ ಹೆಚ್ಚೇನೂ ಮಾಡಲಿಲ್ಲ. ಇದನ್ನು ಓದುವ ಮನೆಗಳಲ್ಲಿ, ಈ ಸಂಚಿಕೆಯ ಕನ್ನಡ ಪುಟಗಳನ್ನು ಓದುವವರಿರಲಿ, ಮಲಯಾಳ ಪುಟಗಳನ್ನು ಓದುವವರಿರಲಿ, ಇಂದು ಮಧ್ಯಾಹ್ನವೂ ಯಾರೋ ಒಬ್ಬಳು ತಾಯಿ ಅಡುಗೆಮನೆಯ ಮೂಲೆಯಲ್ಲಿ ಮಾತ್ರೆ ಪುಡಿಮಾಡುತ್ತಿರಬಹುದು. ಅವಳನ್ನು ನಾನು ಪಾಪಿ ಎನ್ನುವುದಿಲ್ಲ. ಆ ಗುಟ್ಟನ್ನು ಡಾಕ್ಟರಿಗಾದರೂ ಹೇಳಿಬಿಡಿ, ಬೇರೆ ದಾರಿ ಕೇಳಿ, ಆ ದಾರಿ ಯಾವುದೆಂದು ಮಗನಿಗೆ ಅವನ ಭಾಷೆಯಲ್ಲಿ ಹೇಳಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಅಣ್ಣ ಈಗ ಮನೆಯೊಳಗೆ ನಮ್ಮ ಜೊತೆಯಲ್ಲೇ ಉಣ್ಣುತ್ತಾನೆ. ಅನ್ನ, ಸಾರು, ಪಲ್ಯ ಎಲ್ಲವನ್ನೂ ಅಮ್ಮ ಬಡಿಸುತ್ತಾಳೆ. ಮಜ್ಜಿಗೆಯನ್ನು ಮಾತ್ರ ಬಡಿಸುವುದಿಲ್ಲ. ಪಾತ್ರೆಯನ್ನು ತಂದು ಎಲ್ಲರ ನಡುವೆ ಇಡುತ್ತಾಳೆ. ಮೊದಲು ನಾನು ಬಡಿಸಿಕೊಳ್ಳುತ್ತೇನೆ. ಆಮೇಲೆ ಅಣ್ಣ ಸೌಟು ತೆಗೆದುಕೊಂಡು ತಳದಿಂದ ಒಮ್ಮೆ ಕದಡಿ, ನೋಡಿ, ತನಗೆ ಬೇಕಾದಷ್ಟು ಹಾಕಿಕೊಳ್ಳುತ್ತಾನೆ.